ಕೈ ಬಂತು, ಕೆಲಸ ಬಂತೇ?

(ಗಡಿಭಾಗದ ದತ್ತವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಜೈನಕಾವ್ಯ, ಖಿದ್ರಾಪುರದ ಕೊಪ್ಪೇಶ್ವರ ಗುಡಿಯ ಶಾಸನ ಇಂಥ ವಿಷಯ ಇರುತ್ತದೆಂದು ಬಂದವರು ನಿಮ್ಮಲ್ಲಿ ಕೆಲವರಾದರೂ ಇದ್ದೀರಿ. ಅವರಿಗೆ ಇವತ್ತು ನಿರಾಸೆ. ಲಕ್ವಾ ಹೊಡೆದವರು ಮರಳಿ ಹೇಗೆ ಅಂಗಿ ತೊಡುತ್ತಾರೆ, ಅದನ್ನು ಪತ್ತೆ ಹಚ್ಚುವುದಕ್ಕೆ ಕೆಲವರು ತಮ್ಮ ಇಡೀ ನೌಕರಿಯನ್ನು ಯಾಕೆ ಸವೆಸಿದರು ಎಂಬುದನ್ನು ಹೇಳಲು ನಾನು ಬಂದಿದ್ದೇನೆ. ವಿಷಯ ಆರಿಸಿದ್ದು ದತ್ತಿಯ ಮನೆಯವರು. ಕೇಳಿದಾಗ ನನಗೇ ಆಶ್ಚರ್ಯವಾಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಊರಲ್ಲಿ 'ಡಾಕ್ಟರ್ ಬಾಯಾರು' ಎಂದು ಕರೆದರೆ ತಿದ್ದಿ ತಿದ್ದಿ ಈಗ ಸುಮ್ಮನಾಗಿದ್ದೇನೆ. ಫಿಜಿಯೋಥೆರಪಿಯವಳೂ ಅಲ್ಲ. ನಾನು ಆಕ್ಯುಪೇಶನಲ್ ಥೆರಪಿಸ್ಟ್. ಜೀವ ಉಳಿಸುವುದು ವೈದ್ಯರ ಕೆಲಸ. ಎದ್ದು ನಿಲ್ಲಿಸಿ ನಡೆಸುವುದರಲ್ಲಿ ಫಿಜಿಯೋಥೆರಪಿಯವರದು ದೊಡ್ಡ ಪಾಲು. ಅದಾದ ಮೇಲೆ ಮನೆಗೆ ಬಂದ ಮನುಷ್ಯ ಬೆಳಿಗ್ಗೆ ಎದ್ದು ರಾತ್ರಿ ಮಲಗುವ ತನಕ ಏನು ಮಾಡುತ್ತಾನೆ? ಬಾಯಿ ತೊಳೆಯುವುದು, ಜಳಕ, ಬಟ್ಟೆ, ಊಟ, ರೊಟ್ಟಿ ಬಡಿಯುವುದು, ಎಮ್ಮೆ ಹಿಂಡುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಕೊಡುವುದು. ಈ ಕೆಲಸಗಳನ್ನು ಮರಳಿ ಕಲಿಸುವುದು, ಕಲಿಯಲಾಗದ ಕಡೆ ಬೇರೆ ದಾರಿ ಹುಡುಕಿಕೊಡುವುದು ನಮ್ಮ ಪಾಲಿನದು. ಬಹಳ ಜನ ಇದನ್ನು ಚಿಕಿತ್ಸೆ ಎಂದು ಒಪ್ಪುವುದೇ ಇಲ್ಲ. "ಅಂಗಿ ತೊಡಿಸಾಕ ಸೊಸಿ ಅದಾಳಲ್ರಿ" ಎನ್ನುತ್ತಾರೆ. ಸೊಸೆಯ ಮಾತಿಗೆ ಆಮೇಲೆ ಬರುತ್ತೇನೆ.

ರೋಗದ ಬಗ್ಗೆ ನಾಲ್ಕೇ ಮಾತು. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಅದು ಸ್ಟ್ರೋಕ್, ನಮ್ಮ ಮಾತಿನ ಲಕ್ವಾ. ಎಡ ಮಿದುಳಿಗೆ ಪೆಟ್ಟಾದರೆ ಬಲಮೈ ಸೋಲುತ್ತದೆ, ಬಲಕ್ಕಾದರೆ ಎಡಮೈ. ಕಟ್ಟಿಕೊಂಡ ನಾಳವನ್ನು ಔಷಧದಿಂದ ಬಿಡಿಸುವುದಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ತೈಲ ತಿಕ್ಕುತ್ತ ಕೂರದೆ ಮಿರಜಕ್ಕೋ ಸಾಂಗಲಿಗೋ ಕೊಲ್ಹಾಪುರಕ್ಕೋ ಗಾಡಿ ಮಾಡಿ. ಮಳೆಗಾಲದಲ್ಲಿ ದೂಧಗಂಗೆಯ ಮಲಿಕವಾಡ–ದತ್ತವಾಡ ಸೇತುವೆ ಮುಳುಗಿದಾಗ ಸುತ್ತಿ ಹೋಗಬೇಕಾಗುತ್ತದೆ, ಆಗಲಂತೂ ಒಂದು ನಿಮಿಷವೂ ಹಾಳು ಮಾಡಬಾರದು. ಜಗತ್ತಿನಲ್ಲಿ 25 ದಾಟಿದ ಪ್ರತಿ ನಾಲ್ವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಸ್ಟ್ರೋಕ್ ಆಗುವ ಸಂಭವವಿದೆ ಎಂದು ಲೆಕ್ಕ ಹಾಕಿದ್ದಾರೆ. ಈ ಸಭೆಯಲ್ಲಿ ಕೂತವರನ್ನು ನೀವೇ ಎಣಿಸಿಕೊಳ್ಳಿ.

ನಮ್ಮ ಕಸುಬು ಹುಟ್ಟಿದ ಕತೆಯಲ್ಲಿಯೇ ಸೋತ ಮೈಯೊಂದಿದೆ. ಜಾರ್ಜ್ ಬಾರ್ಟನ್ ಎಂಬ ಅಮೆರಿಕದ ವಾಸ್ತುಶಿಲ್ಪಿಗೆ ಮೊದಲು ಕ್ಷಯ, ಆಮೇಲೆ ಕಾಲಿನ ಶಸ್ತ್ರಚಿಕಿತ್ಸೆ, ಅದರ ಬೆನ್ನಿಗೆ ಎಡಮೈ ನಿಶ್ಚಲ. ಅವನದು ಸ್ಟ್ರೋಕ್ ಆಗಿರಲಿಲ್ಲ, ಆದರೆ ಬಿದ್ದ ಮೈಯನ್ನು ಕೆಲಸದ ಮೂಲಕ ಎಬ್ಬಿಸಬೇಕೆಂಬ ಹಟ ಅವನಿಗೆ ಬಂದದ್ದು ಅಲ್ಲಿಂದ. ತೋಟದ ಕೆಲಸ, ಬಡಿಗತನ ಮಾಡುತ್ತ ತನ್ನನ್ನು ತಾನೇ ತಿದ್ದಿಕೊಂಡ. 1917ರ ಮಾರ್ಚಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಅವನ ಮನೆಯಲ್ಲಿ ಆರು ಜನ ಸೇರಿ ಈ ಕಸುಬಿಗೊಂದು ಸಂಘ ಕಟ್ಟಿದರು. ಅವರಲ್ಲೊಬ್ಬಳು ಎಲಿನರ್ ಕ್ಲಾರ್ಕ್ ಸ್ಲೇಗಲ್. ಅವಳ ಹೆಸರಿನಲ್ಲಿ ಅಮೆರಿಕದ ಥೆರಪಿಸ್ಟರ ಸಂಘ ನಡೆಸುವ ಉಪನ್ಯಾಸವಿದೆ. ನಮ್ಮ ಕ್ಷೇತ್ರದ ದೊಡ್ಡ ಗೌರವಗಳಲ್ಲೊಂದು ಅದು. ದತ್ತಿ ಉಪನ್ಯಾಸಕ್ಕೂ ನಮ್ಮ ಕಸುಬಿಗೂ ಹಳೆಯ ನಂಟು ಎಂದು ಈ ನೆಪದಲ್ಲಿ ಹೇಳಿಕೊಳ್ಳಬಹುದು.

ಭಾರತಕ್ಕೆ ಇದನ್ನು ತಂದವಳು ನಮ್ಮ ಮಹಾರಾಷ್ಟ್ರದ ಸೊಸೆ. 1900ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಲಿಜಬೆತ್ ಲಂಡಿ, ನಿಂಬಕರ ಮನೆತನಕ್ಕೆ ಮದುವೆಯಾಗಿ ಬಂದು ಕಮಲಾ ನಿಂಬಕರ್ ಆದಳು. ನಡುವಯಸ್ಸಿನಲ್ಲಿ, ಮಕ್ಕಳು ದೊಡ್ಡವರಾದ ಮೇಲೆ, ತವರಿಗೆ ಹೋಗಿ ಫಿಲಡೆಲ್ಫಿಯಾದಲ್ಲಿ ಈ ವಿದ್ಯೆ ಕಲಿತು ಮರಳಿ ಬಂದು 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶಾಲೆ ತೆರೆದಳು. ಏಷ್ಯಾದಲ್ಲೇ ಮೊದಲನೆಯದು. 1952ರಲ್ಲಿ ಅಖಿಲ ಭಾರತ ಸಂಘವಾಯಿತು. ಅದೇ ವರ್ಷ ಹುಟ್ಟಿದ ಜಾಗತಿಕ ಒಕ್ಕೂಟದ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಫಲಟಣದಲ್ಲಿ ಅವಳ ಹೆಸರಿನ ಶಾಲೆಯೊಂದಿದೆ. ಕುಸುಬೆ, ಕುರಿ, ಮೇಕೆಗಳ ಸಂಶೋಧನೆ ಮಾಡಿದ ಬಿ.ವಿ. ನಿಂಬಕರ್ ಅವಳ ಮಗ. ರೈತರಿಗೆ ಮಗನ ಹೆಸರು ಗೊತ್ತು, ತಾಯಿಯ ಹೆಸರು ಗೊತ್ತಿಲ್ಲ. ಶಾಲೆ ಅಷ್ಟು ಬೇಗ ಬಂದರೂ ಕಸುಬು ಹಳ್ಳಿಗೆ ಇಳಿಯಲಿಲ್ಲ. ದೊಡ್ಡ ಆಸ್ಪತ್ರೆಗಳ ಒಂದು ಮೂಲೆಯ ಕೋಣೆಯಲ್ಲಿ ಉಳಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯಲ್ಲಿ ಈ ಹುದ್ದೆ ಇರುವುದನ್ನು ನಾನಂತೂ ಕಂಡಿಲ್ಲ.

ಇನ್ನು ಇವತ್ತಿನ ಮುಖ್ಯ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಎಂಬ ಊರು. ಕಸೂತಿಯಂಥ ಲೇಸು ನೇಯುವ, ಕಾಲುಚೀಲ ಹೆಣೆಯುವ ಯಂತ್ರಗಳಿಗೆ ಹೆಸರಾದ ಊರು, ನಮ್ಮ ಇಚಲಕರಂಜಿ ಪವರ್‌ಲೂಮಿಗೆ ಹೆಸರಾದ ಹಾಗೆ. ಅಲ್ಲಿಯ ಮರಿಯನ್ ವಾಕರ್ ಎಂಬ ಆಕ್ಯುಪೇಶನಲ್ ಥೆರಪಿಸ್ಟ್ ಮುಂದೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸ್ಟ್ರೋಕ್ ಪುನಶ್ಚೇತನದ ಪ್ರಾಧ್ಯಾಪಕಿಯಾದರು. ಅವರ ಸಂಶೋಧನೆಯ ಆರಂಭದ ವಿಷಯ ಕೇಳಿದರೆ ನಗು ಬರಬಹುದು. ಸ್ಟ್ರೋಕ್ ಆದವರು ಬಟ್ಟೆ ತೊಡುವುದು.

ಬಟ್ಟೆ ತೊಡುವುದರಲ್ಲಿ ಸಂಶೋಧನೆ ಮಾಡುವುದೇನಿದೆ? ಕೈಗೆ ಬಲ ಬಂದರೆ ತೊಡುತ್ತಾರೆ, ಬರದಿದ್ದರೆ ಇಲ್ಲ, ಎಂದೇ ಎಲ್ಲರೂ ತಿಳಿದಿದ್ದರು. ವಾಕರ್ ಮತ್ತು ಮನಃಶಾಸ್ತ್ರಜ್ಞೆ ನಡೀನಾ ಲಿಂಕನ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ತಿಳಿವಳಿಕೆಯನ್ನು ಅಲುಗಿಸಿತು. ಉಡುಪಿನ ಕೆಲವು ಕೆಲಸಗಳಿಗೆ ಅಡ್ಡ ಬರುವುದು ಕೈಕಾಲಿನ ಸೋಲು. ಇನ್ನು ಕೆಲವಕ್ಕೆ ಅಡ್ಡ ಬರುವುದು ಮಿದುಳಿನ ಗ್ರಹಿಕೆಯ ದೋಷ. ಬಲ ಮಿದುಳಿಗೆ ಪೆಟ್ಟಾದ ಕೆಲವರಿಗೆ ಲೋಕದ ಎಡಭಾಗವೇ ಇಲ್ಲದಂತಾಗುತ್ತದೆ. ಕಣ್ಣು ಸರಿಯಿರುತ್ತದೆ, ಆದರೆ ಆ ಕಡೆ ಗಮನ ಹೋಗುವುದಿಲ್ಲ. ತಾಟಿನ ಬಲಗಡೆಯ ಪಲ್ಯ ಮುಗಿಸಿ "ಇಷ್ಟ ಹಾಕೀರೇನು" ಎಂದು ಬೈಯುತ್ತಾರೆ, ಎಡಗಡೆ ರೊಟ್ಟಿ ಹಾಗೇ ಇರುತ್ತದೆ. ಅಂಗಿಯ ಬಲತೋಳು ತೊಟ್ಟು ಎಡತೋಳು ಜೋತಾಡುತ್ತಿದ್ದರೂ ಕೆಲಸ ಮುಗಿಯಿತೆಂದು ಎದ್ದು ಬರುತ್ತಾರೆ. ಮನೆಯವರು ಇದನ್ನು ಹಟ ಎನ್ನುತ್ತಾರೆ, ಅರಳುಮರುಳು ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ನಾನು ಮಾಡಿದ ದೊಡ್ಡ ಉಪಕಾರ ಎಂದರೆ ಇದು ಹಟವಲ್ಲ ಎಂದು ಹೇಳಿದ್ದಷ್ಟೇ.

1996ರಲ್ಲಿ ವಾಕರ್, ಅವರ ಸಹೋದ್ಯೋಗಿ ಅವ್ರಿಲ್ ಡ್ರಮಂಡ್ ಮತ್ತು ಲಿಂಕನ್ ಇನ್ನೊಂದು ಅಧ್ಯಯನ ತಂದರು. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ಬಟ್ಟೆ ತೊಡಲಾಗದೆ ಉಳಿದ 30 ಜನ. ಅವರಿಗೆ ಒಂದು ಅವಧಿಯಲ್ಲಿ ಮನೆಗೇ ಹೋಗಿ ಕಲಿಸಿದರು, ಇನ್ನೊಂದು ಅವಧಿಯಲ್ಲಿ ಕಲಿಸಲಿಲ್ಲ. ಕಲಿಸಿದ ಅವಧಿಯಲ್ಲಿ ಸುಧಾರಿಸಿದರು. 'ಇನ್ನು ಇಷ್ಟೇ' ಎಂದು ಆಸ್ಪತ್ರೆ ಕೈಬಿಟ್ಟ ಮೇಲೂ ಕಲಿಯುವುದು ಉಳಿದಿರುತ್ತದೆ ಎಂಬ ಸುಳಿವು ಅಲ್ಲಿ ಸಿಕ್ಕಿತು.

ಆ ಸುಳಿವು ಹಿಡಿದು ಮಾಡಿದ ದೊಡ್ಡ ಪ್ರಯೋಗ 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಅದನ್ನು ಸ್ವಲ್ಪ ನಿಂತು ನೋಡೋಣ. ಸ್ಟ್ರೋಕ್ ಆದರೂ ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಉಳಿದವರು ಆ ದೇಶದಲ್ಲೂ ಇದ್ದರು, ಮತ್ತು ಪುನಶ್ಚೇತನದ ಸೇವೆ ಬಹುಪಾಲು ಆಸ್ಪತ್ರೆಯೊಳಗೆ ಇದ್ದುದರಿಂದ ಇವರಿಗೆ ಹೆಚ್ಚೇನೂ ದಕ್ಕುತ್ತಿರಲಿಲ್ಲ. ಅಂಥ 185 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ವ್ಯವಸ್ಥೆ. ಇನ್ನೊಂದಕ್ಕೆ ಐದು ತಿಂಗಳ ತನಕ ಥೆರಪಿಸ್ಟ್ ಮನೆಗೆ ಹೋಗುವುದು. ದಿನಾ ಅಲ್ಲ. ಸರಾಸರಿ ತೆಗೆದರೆ ಒಬ್ಬರಿಗೆ ಆರು ಭೇಟಿಯೂ ಪೂರ್ತಿ ಆಗಲಿಲ್ಲ. ಆರು ತಿಂಗಳಿಗೆ ಅಳೆದು ನೋಡಿದರೆ ಭೇಟಿ ಪಡೆದವರು ಸ್ವಂತ ಕೆಲಸಗಳಲ್ಲಿ, ಮನೆವಾರ್ತೆಯ ಕೆಲಸಗಳಲ್ಲಿ ಮುಂದಿದ್ದರು. ಅವರನ್ನು ನೋಡಿಕೊಳ್ಳುವವರ ಬಳಲಿಕೆಯೂ ಕಡಿಮೆಯಾಗಿತ್ತು.

ಈ ಕೊನೆಯ ಸಾಲಿಗಾಗಿ ನಾನು ಈ ಪ್ರಯೋಗವನ್ನು ಎಲ್ಲ ಕಡೆ ಹೇಳುತ್ತೇನೆ. ಮಾವನಿಗೆ ಅಂಗಿ ತೊಡಿಸುವ ಸೊಸೆಯ ಸೊಂಟ ಹಿಡಿದದ್ದನ್ನು ಯಾವ ಆಸ್ಪತ್ರೆಯ ಕಾಗದದಲ್ಲಿಯೂ ಬರೆಯುವುದಿಲ್ಲ. ಆ ಪ್ರಯೋಗದಲ್ಲಿ ಬರೆದರು. ನೋಡಿಕೊಳ್ಳುವವರಿಗೂ ಪ್ರಶ್ನೆ ಕೇಳಿ, ಅಂಕ ಹಾಕಿ, ಎರಡು ಗುಂಪುಗಳನ್ನು ಹೋಲಿಸಿದರು. ಕೇಳಿದ್ದರಿಂದ ಉತ್ತರ ಸಿಕ್ಕಿತು.

ಸಂಶೋಧನೆಯ ಬದುಕು ಇಂಥ ಗೆಲುವುಗಳ ಸಾಲು ಎಂದು ತಿಳಿಯಬೇಡಿ. ಸ್ಟ್ರೋಕ್ ಆದವರಿಗೆ ಹವ್ಯಾಸಗಳನ್ನು ಮರಳಿ ಹಿಡಿಸಿದರೆ ಹೇಗೆ ಎಂದು ಡ್ರಮಂಡ್ ಮತ್ತು ವಾಕರ್ 1995ರಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದ್ದರು, 65 ಜನರ ಮೇಲೆ. ಫಲ ಚೆನ್ನಾಗಿತ್ತು. ಅದನ್ನೇ ಐದು ಊರುಗಳಲ್ಲಿ 466 ಜನರ ಮೇಲೆ ಮಾಡಿದಾಗ, 2001ರಲ್ಲಿ, ಆ ಫಲ ಕಾಣಲಿಲ್ಲ. ಬಟ್ಟೆ ತೊಡುವುದನ್ನು ಎರಡು ಬೇರೆ ವಿಧಾನದಲ್ಲಿ ಕಲಿಸಿ ನೋಡಿದ 2012ರ ಅಧ್ಯಯನದಲ್ಲಿ 70 ಜನ. ಎರಡೂ ಗುಂಪು ಸುಧಾರಿಸಿದವು, ಇಂಥದೇ ಮೇಲು ಎಂದು ಹೇಳಲಾಗಲಿಲ್ಲ. ಇಪ್ಪತ್ತು ವರ್ಷ ಒಂದು ಪ್ರಶ್ನೆಯನ್ನು ಬೆನ್ನಟ್ಟಿ ಕೊನೆಗೆ 'ವ್ಯತ್ಯಾಸ ಕಾಣಲಿಲ್ಲ' ಎಂದು ಅಚ್ಚು ಹಾಕಿಸುವುದಕ್ಕೆ ಗಟ್ಟಿ ಎದೆ ಬೇಕು. ನಮ್ಮಲ್ಲಿ ಅಂಥ ಫಲಿತಾಂಶ ಕಪಾಟಿನಲ್ಲೇ ಉಳಿಯುವುದು ಹೆಚ್ಚು.

ನಡುವೆ 2004ರಲ್ಲಿ ವಾಕರ್ ಮತ್ತು ಅವರ ಸಂಗಡಿಗರು ಎಂಟು ಪ್ರಯೋಗಗಳ 1,143 ರೋಗಿಗಳ ಮೂಲ ಮಾಹಿತಿಯನ್ನು ಒಟ್ಟುಗೂಡಿಸಿ ಮತ್ತೆ ಲೆಕ್ಕ ಮಾಡಿದರು. ಮನೆಗೆ ಹೋಗಿ ಕೊಡುವ ಆಕ್ಯುಪೇಶನಲ್ ಥೆರಪಿಯಿಂದ ಉಪಯೋಗವಿದೆ ಎಂದು ಗಟ್ಟಿಯಾಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಯಾವುದನ್ನು ಗುರಿಯಿಟ್ಟು ಕಲಿಸಿದರೋ ಅದು ಬಂತು. ಹವ್ಯಾಸ ಕಲಿಸಿದವರಿಗೆ ಹವ್ಯಾಸ ಬಂತು, ಸ್ನಾನ–ಉಡುಪು ಕಲಿಸಿದವರಿಗೆ ಸ್ನಾನ–ಉಡುಪು ಬಂತು. ಒಂದನ್ನು ಕಲಿಸಿದರೆ ಇನ್ನೊಂದು ತಾನಾಗಿ ಬರುತ್ತದೆಂಬ ಭರವಸೆ ಇಲ್ಲ. ರಬ್ಬರ್ ಚೆಂಡು ಹಿಸುಕುತ್ತ ಕೂತವರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನಮ್ಮ ಮನೆಗಳಲ್ಲಿ ಕಾಣುವ ಪಾರ್ಶ್ವವಾಯು ಚಿಕಿತ್ಸೆಯ ಮುಕ್ಕಾಲು ಪಾಲು ಆ ಚೆಂಡೇ.

ಉತ್ತರ ಭಾರತದಲ್ಲಿ ಕಮಲ ನಾರಾಯಣ ಆರ್ಯ ಎಂಬ ಆಕ್ಯುಪೇಶನಲ್ ಥೆರಪಿಸ್ಟ್ ಈ ದಾರಿಯಲ್ಲಿ ದೊಡ್ಡ ಕೆಲಸ ಮಾಡಿದ್ದಾರೆ. ಲಖನೌದ ವೈದ್ಯರೊಂದಿಗೆ ಸೇರಿ 103 ರೋಗಿಗಳ ಮೇಲೆ ಮಾಡಿದ ಅವರ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ರೂಢಿಯ ವ್ಯಾಯಾಮ, ಇನ್ನೊಂದಕ್ಕೆ ಅರ್ಥವಿರುವ, ದಿನಬಳಕೆಯ ಕೆಲಸಗಳನ್ನೇ ಮಾಡಿಸುವುದು, ನಾಲ್ಕು ವಾರ. ಕೈ ಚೇತರಿಸಿದ್ದು ಕೆಲಸ ಮಾಡಿದವರದೇ ಹೆಚ್ಚು. ಭಾರತದ ರೋಗಿಗಳ ಮೇಲೆ, ಭಾರತದ ಥೆರಪಿಸ್ಟ್ ತೋರಿಸಿದ ಫಲ ಇದು.

ಸೋತ ಕೈಯ ವಿಷಯದಲ್ಲಿ ಪಶ್ಚಿಮದಿಂದ ಬಂದ ಇನ್ನೊಂದು ದೊಡ್ಡ ವಿಚಾರವಿದೆ. ಎಡ್ವರ್ಡ್ ಟೌಬ್ ಎಂಬ ಮನಃಶಾಸ್ತ್ರಜ್ಞ ಕೋತಿಗಳ ಮೇಲಿನ ಪ್ರಯೋಗದಿಂದ ಕಂಡುಕೊಂಡದ್ದು. ಸೋತ ಕೈಯನ್ನು ಬಳಸಲು ಹೋಗಿ ಹೋಗಿ ಸೋತು, ಗಟ್ಟಿ ಕೈಯಿಂದಲೇ ಎಲ್ಲ ಸಾಗಿಸುವ ರೂಢಿ ಬಿದ್ದು, ಮುಂದೆ ಶಕ್ತಿ ಬಂದರೂ ಆ ಕೈ ಬಳಕೆಗೆ ಬರುವುದಿಲ್ಲ. ಹಾಗಾದರೆ ಗಟ್ಟಿ ಕೈಗೇ ಚೀಲ ಕಟ್ಟಿ ಸೋತ ಕೈಯನ್ನು ದುಡಿಸಿ ಎಂದರು. ಅಮೆರಿಕದಲ್ಲಿ 222 ಜನರ ಮೇಲೆ ಎರಡು ವಾರ ಹೀಗೆ ಮಾಡಿದ ಪ್ರಯೋಗದ ಫಲ 2006ರಲ್ಲಿ ಬಂತು. ಒಂದು ವರ್ಷದ ಮೇಲೂ ಲಾಭ ಉಳಿದಿತ್ತು. ಬೆರಳು, ಮುಂಗೈ ತುಸುವಾದರೂ ಅಲುಗುವವರಿಗೆ ಮಾತ್ರ ಇದು ಆಗುತ್ತದೆ. ಪೂರ್ತಿ ಬಿದ್ದ ಕೈಗೆ ಆಗುವುದಿಲ್ಲ.

ಇದನ್ನು ನಮ್ಮ ಕಡೆ ಮಾಡಿಸಲು ಹೋದರೆ ಗೊತ್ತಾಗುವುದು ಬೇರೆ. ಇಂಗ್ಲೆಂಡಿನಲ್ಲಿ ಬಲಗೈ ಸೋತವರು ಎಡಗೈಯಲ್ಲಿ ಚಮಚ ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ಎಡಗೈಯ ಕೆಲಸ ಬೇರೆ, ಬಲಗೈಯದು ಬೇರೆ. ಬಲಗೈ ಬಿದ್ದ ಹಿರಿಯರು ಎಡಗೈಯಲ್ಲಿ ತುತ್ತು ಎತ್ತಲು ನಾಚಿ, ಮದುವೆ ಪಂಕ್ತಿಗೆ ಹೋಗುವುದನ್ನೇ ಬಿಡುತ್ತಾರೆ. ಮೊಮ್ಮಗ ಉಣಿಸಿದರೆ ಉಣ್ಣುತ್ತಾರೆ, ಎಡಗೈಯಲ್ಲಿ ಉಣ್ಣುವುದಿಲ್ಲ. ಕುಂಕುಮ ಕೊಡುವುದು, ಆರತಿ ಎತ್ತುವುದು, ಬಂದವರಿಗೆ ಚಹಾದ ಬಶಿ ಮುಂದಿಡುವುದು ಯಾವುದೂ ಎಡಗೈಯಲ್ಲಿ ಆಗದು. ಎಡಗೈ ಸೋತವರ ಪಾಡು ಬೇರೆ: ಸಂಡಾಸದಲ್ಲಿ ತೊಳೆದುಕೊಳ್ಳುವುದು ಬಲಗೈಯಲ್ಲಿ, ಅದೇ ಬಲಗೈ ಆಮೇಲೆ ಊಟಕ್ಕೆ. ಅದನ್ನು ಬಾಯಿ ಬಿಟ್ಟು ಹೇಳುವವರಿಲ್ಲ. ಊಟ ಕಡಿಮೆ ಮಾಡುತ್ತಾರೆ, ಹಸಿವಿಲ್ಲ ಎನ್ನುತ್ತಾರೆ. ಎಡಗೈಗೆ ಬಲ ಬಂದ ಅಂಕ ಕಾಗದದಲ್ಲಿ ಏರುತ್ತದೆ, ಮನುಷ್ಯ ಮಾತ್ರ ಸೊರಗುತ್ತಾನೆ. ಬಲಗೈಯೋ ಎಡಗೈಯೋ ಎಂಬ ಈ ಪ್ರಶ್ನೆಯನ್ನು ನಾನು ಓದಿದ ಯಾವ ಪಠ್ಯಪುಸ್ತಕವೂ ಇಷ್ಟು ಬಿಡಿಸಿ ಹೇಳಲಿಲ್ಲ. ಮನೆಯವರ ಮುಂದೆ ಕೂತು, ಎಲ್ಲರೂ ಕೇಳುವ ಹಾಗೆ, "ಅಜ್ಜಾರು ಇನ್ಮ್ಯಾಲ ಎಡಗೈಲೇ ಉಣ್ತಾರ, ಯಾರೂ ನೋಡಬ್ಯಾಡ್ರಿ" ಎಂದು ಒಮ್ಮೆ ಹೇಳಿಬಿಟ್ಟರೆ ತೂಕ ಏರುವುದನ್ನು ಕಂಡಿದ್ದೇನೆ. ಅದೂ ಚಿಕಿತ್ಸೆಯೇ.

ಈಗ ಅಳತೆಯ ವಿಷಯ. ನನ್ನ ತಕರಾರು ಇರುವುದೇ ಇಲ್ಲಿ. ಜಗತ್ತಿನಾದ್ಯಂತ ಸ್ಟ್ರೋಕ್ ಆದವರನ್ನು ಅಳೆಯಲು ಬಳಸುವ ಬಾರ್ಥೆಲ್ ಸೂಚ್ಯಂಕ 1965ರಲ್ಲಿ ಅಮೆರಿಕದಲ್ಲಿ ಬಂತು. ಹತ್ತು ಪ್ರಶ್ನೆ, ನೂರು ಅಂಕ. ಊಟದ ಪ್ರಶ್ನೆಗೆ ಪೂರ್ತಿ ಅಂಕ ಸಿಗಬೇಕಾದರೆ ರೋಗಿ ಆಹಾರ ಕತ್ತರಿಸಬೇಕು, ಉಪ್ಪು–ಮೆಣಸು ಉದುರಿಸಿಕೊಳ್ಳಬೇಕು, ಬೆಣ್ಣೆ ಸವರಿಕೊಳ್ಳಬೇಕು ಎಂದು ಮೂಲದ ಸೂಚನೆಯಲ್ಲಿದೆ. ಒಂದೇ ಕೈಯಲ್ಲಿ ಗಟ್ಟಿ ಜೋಳದ ರೊಟ್ಟಿ ಮುರಿಯುವ ಕಷ್ಟಕ್ಕೆ ಅಲ್ಲಿ ಜಾಗವಿಲ್ಲ. ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ಅಂಕವಿದೆ. ಮೆಟ್ಟಿಲೇ ಇಲ್ಲದ ಮನೆಯವರಿಗೆ ಏನು ಕೊಡುವುದು? ನರಸೋಬಾ ವಾಡಿಯ ಘಾಟಿನ ಮೆಟ್ಟಿಲು ಇಳಿದು ದತ್ತನ ಪಾದುಕೆಯ ದರ್ಶನ ಮಾಡಬೇಕೆಂಬ ಆಸೆಯವರಿಗೆ ಆ ಅಂಕ ಸಾಲುತ್ತದೆಯೇ? ನೆಲದ ಮೇಲೆ ಕೂತು ಏಳುವುದು, ಕುಕ್ಕರಗಾಲಲ್ಲಿ ಕೂರುವುದು ಆ ಪಟ್ಟಿಯಲ್ಲಿಲ್ಲ. ನಮ್ಮ ಅರ್ಧ ಬದುಕು ನೆಲದ ಮೇಲಿದೆ.

ನಾಟಿಂಗ್‌ಹ್ಯಾಮಿನವರಿಗೂ ಬಾರ್ಥೆಲ್ ಸಾಲಲಿಲ್ಲ. ಮನೆಯ ಹೊರಗಿನ ಬದುಕನ್ನು ಅದು ಕೇಳುವುದಿಲ್ಲ ಎಂದು 1987ರಲ್ಲಿ ನೂರಿ ಮತ್ತು ಲಿಂಕನ್ 22 ಪ್ರಶ್ನೆಗಳ ಹೊಸ ಪಟ್ಟಿ ಮಾಡಿದರು. ರಸ್ತೆ ದಾಟುತ್ತೀರಾ, ಬಿಸಿ ಪಾನೀಯವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುತ್ತೀರಾ, ಹೊರಗೆ ಹೋದಾಗ ಹಣ ನೀವೇ ನೋಡಿಕೊಳ್ಳುತ್ತೀರಾ, ಪತ್ರಿಕೆ ಓದುತ್ತೀರಾ, ಕೈತೋಟ ನೋಡಿಕೊಳ್ಳುತ್ತೀರಾ, ಕಾರು ಓಡಿಸುತ್ತೀರಾ. ತಮ್ಮ ಊರಿನ ಜನ ದಿನಾ ಮಾಡುವುದನ್ನು ನೋಡಿ ಮಾಡಿದ ಪಟ್ಟಿ. 1999ರ ಪ್ರಯೋಗದ ಮುಖ್ಯ ಅಳತೆಗೋಲು ಅದೇ ಆಗಿತ್ತು. ಅವರ ಪಟ್ಟಿಯನ್ನು ನಾವು ಇದ್ದಂತೆ ತಂದು "ಅಮ್ಮಾ, ಕಾರು ಓಡಸ್ತೀರೇನು" ಎಂದು ಕೇಳಿ ಸೊನ್ನೆ ಹಾಕುತ್ತೇವೆ. ಅವರಿಂದ ಕಲಿಯಬೇಕಾದದ್ದು ತಮ್ಮ ಪಟ್ಟಿಯನ್ನು ತಾವೇ ಮಾಡಿಕೊಂಡ ಧೈರ್ಯ.

ಅಳತೆ ಬದಲಾದರೆ ಉತ್ತರವೇ ಬದಲಾಗುತ್ತದೆ. ನಾಟಿಂಗ್‌ಹ್ಯಾಮಿನ ಇನ್ನೊಬ್ಬ ಆಕ್ಯುಪೇಶನಲ್ ಥೆರಪಿಸ್ಟ್ ಪಿಪ್ ಲೋಗನ್, ಸ್ಟ್ರೋಕ್ ಆದವರು ಮನೆಯಿಂದ ಹೊರಗೆ ಹೋಗುವುದರ ಮೇಲೆ 2004ರಲ್ಲಿ 168 ಜನರ ಪ್ರಯೋಗ ಮಾಡಿದರು, ಫಲ ಕಂಡಿತು. ಹತ್ತು ವರ್ಷದ ಮೇಲೆ 568 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಮುಖ್ಯ ಅಳತೆಗೋಲಾಗಿದ್ದ ಜೀವನ ಗುಣಮಟ್ಟದ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಚಿಕಿತ್ಸೆ ಪಡೆದವರು ಮನೆಯಿಂದ ಹೊರಬಿದ್ದ ಸಲ ಹೆಚ್ಚಿತ್ತು. ಇದನ್ನು ಸೋಲು ಎನ್ನಬೇಕೋ ಗೆಲುವು ಎನ್ನಬೇಕೋ? ಅಂಕಿಶಾಸ್ತ್ರದ ಶಿಸ್ತಿನ ಪ್ರಕಾರ ಸೋಲು. ಬಾಗಿಲಲ್ಲಿ ಕೂತು ಓಣಿ ನೋಡುತ್ತಿದ್ದವರು ಕಟ್ಟೆಯ ತನಕ ಹೋಗಿ ಬರುವಂತಾದರೆ ನಾನಂತೂ ಅದನ್ನು ಸೋಲು ಎನ್ನಲಾರೆ.

ನಮ್ಮ ದೇಶದ ದೊಡ್ಡ ಪುನಶ್ಚೇತನ ಪ್ರಯೋಗವೊಂದನ್ನೂ ಇದೇ ಕಣ್ಣಿನಿಂದ ನೋಡಬೇಕು. ಥೆರಪಿಸ್ಟರು ಸಾಲದ ದೇಶದಲ್ಲಿ ಮನೆಯವರಿಗೇ ಕಲಿಸಿದರೆ ಹೇಗೆ? 14 ಆಸ್ಪತ್ರೆಗಳು, 1,250 ರೋಗಿಗಳು. ಒಂದು ಗುಂಪಿನ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಶುರು ಮಾಡಿ ಎರಡು ತಿಂಗಳ ತನಕ ಮನೆಯಲ್ಲಿ ಮುಂದುವರಿಸಿದರು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ತೀರಿಕೊಂಡವರು ಅಥವಾ ಪರಾವಲಂಬಿಯಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ. 47. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆ ವರದಿ ಓದಿದ ದಿನ ನಮ್ಮಲ್ಲಿ ಬಹಳ ಜನರಿಗೆ ಬೇಸರವಾಯಿತು. ನನಗೂ ಆಯಿತು. ಪ್ರಯೋಗ ಅಚ್ಚುಕಟ್ಟಾಗಿತ್ತು, ಅದನ್ನು ತಳ್ಳಿಹಾಕುವಂತಿಲ್ಲ. ಬರಿ ಮನೆಯವರಿಗೆ ಕಲಿಸಿಕೊಟ್ಟು ಸರ್ಕಾರ ಕೈ ತೊಳೆದುಕೊಳ್ಳಲು ಬರುವುದಿಲ್ಲ ಎಂಬುದು ಅದರಿಂದ ಸಿಗುವ ಒಂದು ನೇರ ಪಾಠ. ನಾಟಿಂಗ್‌ಹ್ಯಾಮಿನಲ್ಲಿ, ಆರೇ ಭೇಟಿಯಾದರೂ ಸರಿ, ಕಸುಬು ಬಲ್ಲವರು ಮನೆಗೆ ಹೋದಾಗ ಆದದ್ದು, ಇಲ್ಲಿ ಕಸುಬನ್ನು ಅವಸರದಲ್ಲಿ ಸೊಸೆಯ ಕೈಗೆ ದಾಟಿಸಿದಾಗ ಆಗಲಿಲ್ಲ. ಎರಡು ದೇಶ, ಎರಡು ಬಗೆಯ ರೋಗಿಗಳು, ಹೋಲಿಕೆ ಪೂರ್ತಿ ನ್ಯಾಯವಲ್ಲ, ಗೊತ್ತು. ಆದರೂ ಈ ಎರಡನ್ನು ಪಕ್ಕಪಕ್ಕ ಇಟ್ಟು ಓದದೆ ಹಳ್ಳಿಯ ಪುನಶ್ಚೇತನದ ಯೋಜನೆ ಮಾಡಲು ಹೊರಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2021ರಲ್ಲಿ ನಮ್ಮಂಥ ಕಸುಬುಗಳಿಗೆಲ್ಲ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು, ಮಹಾರಾಷ್ಟ್ರದಲ್ಲಿ ಅದಕ್ಕೂ ಮೊದಲೇ 2002ರ ಕೌನ್ಸಿಲ್ ಕಾಯ್ದೆ ಇತ್ತು. ನೋಂದಣಿಯಾಯಿತು, ಹುದ್ದೆ ಆಗಲಿಲ್ಲ.

ಗಡಿಭಾಗದಲ್ಲಿ ಇನ್ನೊಂದು ತೊಡಕು. ಮನೆಯೊಳಗೆ ಕನ್ನಡ, ಶಾಲೆ–ಪೇಟೆ–ಆಸ್ಪತ್ರೆಯಲ್ಲಿ ಮರಾಠಿ. ಸ್ಟ್ರೋಕ್ ಆದಾಗ ಎರಡು ನುಡಿಯೂ ಒಂದೇ ಪ್ರಮಾಣದಲ್ಲಿ ಕೆಡಬೇಕೆಂದಿಲ್ಲ, ಒಂದೇ ವೇಗದಲ್ಲಿ ಮರಳಬೇಕೆಂದೂ ಇಲ್ಲ. ಮರಾಠಿಯಲ್ಲಿ ಹೇಳಿದ್ದು ತಿಳಿಯದ ಅಜ್ಜಿಗೆ ಬುದ್ಧಿ ಕೆಟ್ಟಿದೆ ಎಂದು ಬರೆದು ಕಳಿಸಿದ ಕಾಗದ ನೋಡಿದ್ದೇನೆ. ಕನ್ನಡದಲ್ಲಿ ಕೇಳಿದರೆ ಆ ಅಜ್ಜಿ ಮೊಮ್ಮಕ್ಕಳ ಹೆಸರು, ಎಮ್ಮೆಗಳ ಹೆಸರು ಎಲ್ಲ ಸರಿಯಾಗಿ ಹೇಳಿದಳು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ಮಾತಿನ ಪರೀಕ್ಷೆಗಳನ್ನು ಕನ್ನಡಕ್ಕೆ ಅಳವಡಿಸಿದ್ದಾರೆ. ಗಡಿ ದಾಟಿದ ಆಸ್ಪತ್ರೆಗೆ ಅವು ಬರುವುದಿಲ್ಲ. ನಿಮ್ಮವರನ್ನು ಕರೆದೊಯ್ದಾಗ "ಇವರ ಮನೆಮಾತು ಕನ್ನಡ" ಎಂದು ಮೊದಲೇ ಬರೆಸಿ.

ಹೆಣ್ಣುಮಕ್ಕಳು ಕೇಳುತ್ತಿರುವುದರಿಂದ ಕೆಲಸಕ್ಕೆ ಬರುವ ಎರಡು ಮಾತು. ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ರಟ್ಟೆಯ ಕೀಲು ಸಡಿಲಾಗಿರುತ್ತದೆ, ಆಮೇಲೆ ಬರುವ ಭುಜದ ನೋವು ವರ್ಷಗಟ್ಟಲೆ ಕಾಡುತ್ತದೆ. ಅಂಗಿ, ಕುಬಸ ಏನೇ ಇರಲಿ, ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಮತ್ತೆ, ಲಕ್ವಾ ಹೊಡೆದ ಮೊದಲ ದಿನವೇ ಎತ್ತಿ ನಡೆಸುವ ಅವಸರ ಬೇಡ. ಐದು ದೇಶಗಳ 2,104 ರೋಗಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮೊದಲ 24 ತಾಸಿನಲ್ಲೇ ಹೆಚ್ಚು ಹೆಚ್ಚು ಎಬ್ಬಿಸಿದವರ ಸ್ಥಿತಿ ಮೂರು ತಿಂಗಳಿಗೆ ತುಸು ಹಿಂದೆಯೇ ಇತ್ತು. ಎಷ್ಟು, ಯಾವಾಗ ಎಂಬುದನ್ನು ಆಸ್ಪತ್ರೆಯವರು ಹೇಳಲಿ.

ಕೊನೆಯದಾಗಿ, ನಾನು ಬರಿಗೈಯಲ್ಲಿ ಬಂದಿಲ್ಲ. ಈ ಭಾಗದ ಮನೆಗಳಲ್ಲಿ ಕೇಳಿ ಕೇಳಿ ಒಂದು ಪಟ್ಟಿ ಕರಡು ಮಾಡಿದ್ದೇನೆ. ಅದಕ್ಕಿನ್ನೂ ಅಳತೆಗೋಲು ಎನ್ನುವ ಯೋಗ್ಯತೆ ಬಂದಿಲ್ಲ. ಬೇರೆ ಬೇರೆ ಥೆರಪಿಸ್ಟರು ಕೇಳಿದರೂ ಅದೇ ಅಂಕ ಬರುತ್ತದೆಯೇ, ರೋಗಿ ಸುಧಾರಿಸಿದರೆ ಅಂಕವೂ ಏರುತ್ತದೆಯೇ ಎಂದು ನೋಡಬೇಕು, ಅದಕ್ಕೆ ವರ್ಷಗಳು ಬೇಕು. ಅದರಲ್ಲಿರುವ ಪ್ರಶ್ನೆಗಳು ಇಂಥವು: ಚಾಪೆಯ ಮೇಲಿಂದ ಯಾರ ಆಸರೆಯೂ ಇಲ್ಲದೆ ಏಳುತ್ತೀರಾ. ಸೀರೆಯ ನಿರಿಗೆ ಹಿಡಿದು ಸಿಕ್ಕಿಸುತ್ತೀರಾ, ಕಚ್ಚೆ ಹಾಕುವವರಾದರೆ ಹಿಂದಕ್ಕೆ ಸಿಕ್ಕಿಸುತ್ತೀರಾ. ಧೋತ್ರ ಉಡುತ್ತೀರಾ. ತುಂಬಿದ ತಂಬಿಗೆ ಒಯ್ಯುತ್ತೀರಾ. ರೊಟ್ಟಿ ಬಡಿದು ಹಂಚಿಗೆ ಹಾಕುತ್ತೀರಾ. ನಾಲ್ಕು ಜನರ ನಡುವೆ ಕೂತು ನಿಮ್ಮ ಕೈಯಾರೆ ಉಣ್ಣುತ್ತೀರಾ. ಡೇರಿಗೆ ಹಾಲು ಹಾಕಿ ಲೆಕ್ಕ ನೋಡಿ ಬರುತ್ತೀರಾ. ಬಸ್ಸಿನ ಮೊದಲ ಪಾವಟಿಗೆ ಹತ್ತುತ್ತೀರಾ. ಇಚಲಕರಂಜಿಯ ಮಗ್ಗದಲ್ಲಿ ದುಡಿದವರಿಗೆ ಬೇರೆ ಪ್ರಶ್ನೆಗಳಿವೆ: ಕಡಿದ ಎಳೆಗೆ ಗಂಟು ಹಾಕುತ್ತೀರಾ, ಲಾಳಿಯ ಕಂಡಿಕೆ ಬದಲಿಸುತ್ತೀರಾ. ಕಬ್ಬು ಕಡಿಯುವವರ ಪ್ರಶ್ನೆ ನನಗೆ ಸರಿಯಾಗಿ ಬರೆಯಲಾಗಿಲ್ಲ, ಆ ಕೆಲಸ ಮಾಡಿದವರು ಹೇಳಿಕೊಡಬೇಕು. ಮೆಟ್ಟಿಲಿನ ಪ್ರಶ್ನೆಯನ್ನು ಇಡಬೇಕೋ ತೆಗೆಯಬೇಕೋ ಇನ್ನೂ ತೀರ್ಮಾನವಾಗಿಲ್ಲ.

ಪಟ್ಟಿಯ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ನಿಮ್ಮ ಮನೆಯಲ್ಲಿ ಲಕ್ವಾ ಹೊಡೆದವರಿದ್ದರೆ ಒಯ್ದು ಅವರ ಮುಂದೆ ಓದಿ. ಬೇಡವಾದ ಪ್ರಶ್ನೆಗೆ ಗೀಟು ಹಾಕಿ, ಬಿಟ್ಟುಹೋದದ್ದನ್ನು ಕೆಳಗೆ ಬರೆದು, ಅಂಚೆಗೆ ಹಾಕುವುದು ಬೇಡ, ಗ್ರಾಮ ಪಂಚಾಯತಿ ಕಟ್ಟೆಯ ಮೇಲೆ ನಾನು ಕೂತಾಗ ತಂದುಕೊಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ. ಮಾತ್ರೆಯ ಬಗ್ಗೆ ಕೇಳಬೇಡಿ, ಅದಕ್ಕೆ ವೈದ್ಯರಿದ್ದಾರೆ.